ಗೇಟು ತೆರೆಯುವ ಮೊದಲೇ ಎದ್ದು ನಿಲ್ಲುವವರು

ದೆಹಲಿಯಲ್ಲಿ ಮಂಜು ಕವಿದರೆ ಬೆಂಗಳೂರಿನ ವಿಮಾನಗಳೂ ನೆಲ ಬಿಟ್ಟೇಳುವುದಿಲ್ಲ. ಡಿಸೆಂಬರಿನ ಅಂಥದೊಂದು ಬೆಳಿಗ್ಗೆ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನ ಬಿದಿರಿನ ಚಾವಣಿಯ ಕೆಳಗೆ ಇಬ್ಬರು ಕಾದು ಕೂತಿದ್ದರು. ಒಬ್ಬರು ವಿಮಾನಯಾನ ಕಂಪನಿಯೊಂದರ ಚೆಕ್‌ಇನ್ ಕೌಂಟರಿನಲ್ಲಿ ದುಡಿದು ನಿವೃತ್ತರಾದವರು. ಹಳೆಯ ಎಚ್‌ಎಎಲ್ ನಿಲ್ದಾಣ, ಮಂಗಳೂರಿನ ಬಜ್ಪೆ, 2008ರ ಮೇ ತಿಂಗಳಲ್ಲಿ ತೆರೆದ ದೇವನಹಳ್ಳಿ, ಮೂರೂ ಕಡೆ ಜನರನ್ನು ಹತ್ತಿರದಿಂದ ಕಂಡವರು. ಇನ್ನೊಬ್ಬಳು ಅವರ ತಮ್ಮನ ಮಗಳು, ಸಾಫ್ಟ್‌ವೇರ್ ಕೆಲಸದ ಮೇಲೆ ಟೋಕಿಯೊ, ಸಿಂಗಪುರ, ದುಬೈ ಎಂದು ಓಡಾಡುವವಳು.

ಬೋರ್ಡಿಂಗ್‌ಗೆ ಇನ್ನೂ ಮುಕ್ಕಾಲು ಗಂಟೆ ಇದೆ ಎಂದು ಪರದೆ ತೋರಿಸುತ್ತಿತ್ತು. ಗೇಟಿನ ಮುಂದೆ ಮಾತ್ರ ನಲವತ್ತೈವತ್ತು ಜನ ಆಗಲೇ ಎದ್ದು ನಿಂತಿದ್ದರು.

ಕಿರಿಯಳು: ನೋಡಿ ದೊಡ್ಡಪ್ಪ, ಎಲ್ಲರ ಕೈಯಲ್ಲೂ ಸೀಟ್ ನಂಬರ್ ಇದೆ. ಮೊದಲು ಹತ್ತಿದವರಿಗೂ ಕೊನೆಗೆ ಹತ್ತಿದವರಿಗೂ ವಿಮಾನ ಹೊರಡೋದು ಒಂದೇ ಹೊತ್ತಿಗೆ. ಆದರೂ ಯಾಕೆ ನಿಂತಿದ್ದಾರೆ? ಜಪಾನಿನಲ್ಲಿ ಗುಂಪಿನ ನಂಬರ್ ಕರೆದ ಮೇಲೇ ಆ ಗುಂಪಿನವರು ಏಳ್ತಾರೆ. ನಮ್ಮ ಜನಕ್ಕೆ ಶಿಸ್ತು ಅನ್ನೋದೇ ಬರಲಿಲ್ಲ.

ಹಿರಿಯರು: ಶಿಸ್ತಿನ ಮಾತು ಆಮೇಲೆ ಆಡೋಣ. ಮೊದಲು ಅವರ ಕೈ ನೋಡು. ಒಂದು ಟ್ರಾಲಿ, ಬೆನ್ನಿಗೊಂದು ಬ್ಯಾಗು. ಕೊನೆಗೆ ಹತ್ತಿದವನಿಗೆ ತಲೆ ಮೇಲಿನ ಬಿನ್‌ನಲ್ಲಿ ಜಾಗ ಸಿಗಲ್ಲ. ಅವನ ಚೀಲ ಹತ್ತು ಸಾಲು ಹಿಂದೆ ಹೋಗುತ್ತೆ, ಇಲ್ಲ ಗೇಟಿನಲ್ಲೇ ಇಸ್ಕೊಂಡು ವಿಮಾನದ ಹೊಟ್ಟೆಗೆ ಹಾಕ್ತಾರೆ. ಇದು ನಮ್ಮಲ್ಲಿ ಮಾತ್ರ ಇರೋ ಚಾಳಿ ಅಲ್ಲ. 2008ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಚೆಕ್‌ಇನ್ ಮಾಡೋ ಮೊದಲನೇ ಚೀಲಕ್ಕೇ 15 ಡಾಲರ್ ಶುಲ್ಕ ಹಾಕಿತು. ಬೇರೆ ಕಂಪನಿಗಳೂ ಹಾಗೇ ಮಾಡಿದವು. ಜನ ಇದ್ದಬದ್ದದ್ದನ್ನೆಲ್ಲ ಕೈಯಲ್ಲೇ ಹಿಡ್ಕೊಂಡು ಬಂದರು. ಗೇಟಿನ ಮುಂದೆ ಎಷ್ಟು ನೂಕುನುಗ್ಗಲು ಆಯ್ತು ಅಂದ್ರೆ, ತಮ್ಮ ಗುಂಪು ಕರೆಯೋ ಮೊದಲೇ ಪಾಸ್ ಚಾಚಿದವರನ್ನ ಸದ್ದು ಮಾಡಿ ತಡೆಯೋ ಯಂತ್ರವ್ಯವಸ್ಥೆಯನ್ನ ಅದೇ ಕಂಪನಿ 2024ರಲ್ಲಿ ನೂರಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ತರಬೇಕಾಯ್ತು.

ಕಿರಿಯಳು: ಅಲ್ಲಿ ಚೀಲಕ್ಕೆ ದುಡ್ಡು ತಗೋತಾರೆ, ಸರಿ. ಇಲ್ಲಿ ದೇಶದೊಳಗೆ 15 ಕಿಲೊ ಪುಕ್ಕಟೆ ಹಾಕಬಹುದು. ಕೈಚೀಲ ಇಲ್ಲದವರೂ ನಿಂತಿದ್ದಾರಲ್ಲ? ಅಗೋ, ಆ ಯಜಮಾನರ ಕೈಯಲ್ಲಿ ಒಂದು ಪೇಪರ್ ಬಿಟ್ಟರೆ ಏನೂ ಇಲ್ಲ.

ಹಿರಿಯರು: ಅವರ ವಯಸ್ಸು ನೋಡಮ್ಮ. ಬಸ್ಸು ಸ್ಟ್ಯಾಂಡಿನೊಳಗೆ ತಿರುಗೋ ಮೊದಲೇ ಓಡಿಹೋಗಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಕಾಲದವರು. ಹಿಂದೆ ಉಳಿದರೆ ಹಾಸನದ ತನಕ ನಿಂತೇ ಹೋಗಬೇಕಿತ್ತು. ಆ ಭಯ ಸೀಟ್ ನಂಬರ್ ನೋಡಿದ ತಕ್ಷಣ ಹೋಗಲ್ಲ. ವಿಮಾನದಲ್ಲೂ ಅದನ್ನ ಕಲಿಸಿದವರು ನಾವೇ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಶುರುವಾದಾಗ ಸೀಟ್ ನಂಬರೇ ಇರಲಿಲ್ಲ, ಮೊದಲು ಬಂದವರು ಬೇಕಾದಲ್ಲಿ ಕೂತ್ಕೊಳ್ಳೋದು. ಬಸ್ಸಿನಿಂದ ಇಳಿದು ಏಣಿಯ ಕಡೆ ಓಡೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ಗಂಡ ಮುಂದೆ ಓಡಿ ಸೀಟು ಹಿಡಿಯೋದು, ಹೆಂಡತಿ ಮಗುವನ್ನೆತ್ತಿಕೊಂಡು ಹಿಂದೆ ಬರೋದು. ಸಾಮಾನ್ಯ ಜನರನ್ನ ವಿಮಾನ ಹತ್ತಿಸಿದ ಪುಣ್ಯವೂ ಆ ಕಂಪನಿಯದೇ ಅನ್ನು.

ಕಿರಿಯಳು: ಹಾಗಾದರೆ ಸೌತ್‌ವೆಸ್ಟ್ ನೋಡಿ. ಅಮೆರಿಕದ ಆ ಕಂಪನಿ 1971ರಲ್ಲಿ ಶುರುವಾದಾಗಿನಿಂದ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಸೀಟ್ ನಂಬರ್ ಇಲ್ಲದೆಯೇ ಹಾರಾಡಿತು. ಆ ಪದ್ಧತಿ ಬಿಡ್ತೀವಿ ಅಂತ ಹೇಳಿದ್ದೇ 2024ರಲ್ಲಿ. ಅಲ್ಲಿ ಯಾರೂ ಓಡಲಿಲ್ಲವಲ್ಲ!

ಹಿರಿಯರು: ಯಾಕೆ ಓಡಲಿಲ್ಲ ಹೇಳು? ಗೇಟಿನ ಹತ್ತಿರ ನಂಬರ್ ಬರೆದ ಕಂಬಗಳಿದ್ದವು. ಪಾಸಿನಲ್ಲಿ ಎ-16 ಇದ್ದರೆ ಆ ಕಂಬದ ಪಕ್ಕ ನಿಂತರೆ ಆಯ್ತು. ತನ್ನ ಜಾಗ ಯಾರೂ ಕಸ್ಕೊಳ್ಳಲ್ಲ ಅಂತ ಗೊತ್ತಾದರೆ ಯಾರೂ ಓಡಲ್ಲ. ನಮ್ಮಲ್ಲಿ ಓಟ ಇತ್ತು, ಕಂಬ ಇರಲಿಲ್ಲ.

ಹಿರಿಯರ ವಾದದ ಬುಡ ಇದು. ಜನರ ನಡೆ ಅವರ ಗುಣಕ್ಕಿಂತ ಹೆಚ್ಚಾಗಿ ಅವರ ಮುಂದಿರುವ ಏರ್ಪಾಟನ್ನು ಅನುಸರಿಸುತ್ತದೆ ಎಂಬುದು. ಇದಕ್ಕೆ ಒತ್ತಾಸೆಯಾಗುವ ಉದಾಹರಣೆಗಳು ವಿಮಾನ ನಿಲ್ದಾಣಗಳಲ್ಲಿ ಬೇಕಾದಷ್ಟಿವೆ. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ನಿಲ್ದಾಣದ ಗಂಡಸರ ಶೌಚಾಲಯಗಳಲ್ಲಿ ಮೂತ್ರದ ತೊಟ್ಟಿಯೊಳಗೆ ನೊಣದ ಚಿತ್ರ ಕೆತ್ತಿದ ಮೇಲೆ ನೆಲ ಗಲೀಜಾಗುವುದು ತಗ್ಗಿದ್ದನ್ನು ಅರ್ಥಶಾಸ್ತ್ರಜ್ಞರು ಪುಸ್ತಕಗಳಲ್ಲಿ ಬರೆದಿದ್ದಾರೆ. ಹ್ಯೂಸ್ಟನ್ನಿನ ನಿಲ್ದಾಣದ್ದು ಇನ್ನೂ ಸ್ವಾರಸ್ಯದ ಸಂಗತಿ. ಲಗೇಜು ಬರುವುದು ತಡ ಎಂದು ಅಲ್ಲಿ ಒಂದೇ ಸಮನೆ ದೂರು ಬರುತ್ತಿತ್ತು. ಅಧಿಕಾರಿಗಳು ವಿಮಾನ ನಿಲ್ಲುವ ಗೇಟನ್ನು ದೂರಕ್ಕೆ ಒಯ್ದರು, ಲಗೇಜನ್ನು ಆಚೆ ತುದಿಯ ಬೆಲ್ಟಿಗೆ ಕಳಿಸಿದರು. ಪ್ರಯಾಣಿಕರು ಮೊದಲಿಗಿಂತ ಆರು ಪಟ್ಟು ಹೊತ್ತು ನಡೆಯಬೇಕಾಯಿತು. ದೂರುಗಳು ಹೆಚ್ಚುಕಡಿಮೆ ನಿಂತೇಹೋದವು.

ಕಿರಿಯಳು ಇದಕ್ಕೆ ಒಪ್ಪಲಿಲ್ಲ. ನಡೆಸಿ ದಣಿಸಿದ್ದನ್ನು ಸುಧಾರಣೆ ಎನ್ನಲಾಗದು, ಜನ ಕಾಯುವ ಹೊತ್ತು ಹಾಗೇ ಉಳಿಯಿತಲ್ಲ ಎಂದಳು. ಅವಳ ಆಕ್ಷೇಪಣೆಯಲ್ಲಿ ಸತ್ಯವಿದೆ. ಆದರೆ ಕೈಕಟ್ಟಿ ಬೆಲ್ಟ್ ನೋಡುತ್ತ ನಿಲ್ಲುವ ಏಳು ನಿಮಿಷ ಎಷ್ಟು ಉದ್ದ ಎಂಬುದು ಹಾಗೆ ನಿಂತವರಿಗೆಲ್ಲ ಗೊತ್ತು.

ಕಿರಿಯಳು: ನೀವು ಎಲ್ಲ ತಪ್ಪನ್ನೂ ಕಟ್ಟಡದ ಮೇಲೆ ಹಾಕ್ತೀರಿ. ಇದೇ ಬೆಂಗಳೂರಿನಲ್ಲಿ ಬೆಳಿಗ್ಗೆ ಐದರ ಮುಂಬೈ ವಿಮಾನಕ್ಕೆ ಬರೋರನ್ನ ನೋಡಿ. ಸಾಲಿಗೆ ಬರೋ ಮೊದಲೇ ಬೆಲ್ಟು ತೆಗೆದಿರ್ತಾರೆ, ಲ್ಯಾಪ್‌ಟಾಪ್ ಕೈಯಲ್ಲಿರುತ್ತೆ, ಮೂರು ಟ್ರೇ ತಾವೇ ಎಳ್ಕೊಂಡು ಎರಡು ನಿಮಿಷದಲ್ಲಿ ಆಚೆ. ರಾತ್ರಿ ಅದೇ ಕಟ್ಟಡದಲ್ಲಿ ಮದುವೆಗೆ ಹೊರಟ ಕುಟುಂಬಗಳು ಬರ್ತಾವೆ. ಗೊಂದಲವೋ ಗೊಂದಲ. ಕಟ್ಟಡ ಒಂದೇ, ಜನ ಬೇರೆ.

ಹಿರಿಯರು: ಮುಂಬೈಗೆ ಹೋಗೋನು ವಾರ ವಾರ ಹೋಗ್ತಾನೆ. ಮದುವೆಯವರು ಜೀವನದಲ್ಲಿ ಎರಡನೇ ಸಲ ಬಂದಿರ್ತಾರೆ. ರೂಢಿ ಬೇರೆ, ಶಿಸ್ತು ಬೇರೆ. ನೀನು ಶಿವಮೊಗ್ಗದ ಸೋಗಾನೆಗೆ ಹೋಗಿದ್ದೆಯಲ್ಲ?

ಕಿರಿಯಳು: ಹೋಗಿದ್ದೆ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆ ಆಯ್ತು, ಆಗಸ್ಟ್ ಕೊನೆಗೆ ವಿಮಾನ ಬರೋಕೆ ಶುರುವಾಯ್ತು. ಕಮಲದ ಆಕಾರದ ಕಟ್ಟಡ, ಕುವೆಂಪು ಹೆಸರು. ಒಪ್ಪಿಕೊಳ್ತೀನಿ, ಅಲ್ಲಿ ಜನ ಬೇರೆ ಥರಾನೇ ಇರ್ತಾರೆ. ನೂಕಾಟ ಇಲ್ಲ. ಒಬ್ಬರಿಗೊಬ್ಬರು ಯಾವೂರು, ಯಾರ ಮನೆಯವರು ಅಂತ ಕೇಳ್ತಾರೆ. ಬೋರ್ಡಿಂಗ್ ಪಾಸನ್ನ ಎರಡು ಕೈಯಲ್ಲಿ ಹಿಡ್ಕೊಂಡು ಫೋಟೊ ತೆಗೆಸ್ಕೊಳ್ತಾರೆ. ಒಂದು ವಿಮಾನ, ಒಂದು ಗೇಟು, ತಪ್ಪಿಹೋಗುತ್ತೆ ಅನ್ನೋ ಭಯ ಇಲ್ಲ.

ಹಿರಿಯರು: ನೋಡು, ಭಯ ಅಂತ ನೀನೇ ಅಂದೆ.

ಬಜ್ಪೆಯ ಮಾತು ಬಂದಾಗ ಹಿರಿಯರ ದನಿ ಬದಲಾಯಿತು. ಮಂಗಳೂರಿನ ನಿಲ್ದಾಣ 1951ರಷ್ಟು ಹಳೆಯದು, ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ಕಟ್ಟಿದ್ದು. ಅಲ್ಲಿಂದ ಗಲ್ಫಿಗೆ ಹೋಗಿಬರುವವರ ಚಾಳಿಗಳನ್ನು ದೊಡ್ಡ ಊರುಗಳ ಜನ ಆಡಿಕೊಂಡದ್ದುಂಟು. ಹಿರಿಯರು ಕೌಂಟರಿನ ಈಚೆಯಿಂದ ಕಂಡದ್ದು ಬೇರೆ.

ಹಿರಿಯರು: ಗಲ್ಫಿಂದ ಬರೋನ ಕಾರ್ಟನ್ ನೋಡಿದ್ದೀಯಾ? ನೀಲಿ ನೈಲಾನ್ ಹಗ್ಗದಿಂದ ಅಡ್ಡಡ್ಡ, ಉದ್ದುದ್ದ ಬಿಗಿದಿರ್ತಾರೆ. ಹಗ್ಗದ ಗಂಟಿನ ಮೇಲೆ ಟೇಪು. ನಾಲ್ಕೂ ಮಗ್ಗುಲಿಗೆ ಮಾರ್ಕರ್ ಪೆನ್ನಿನಲ್ಲಿ ಹೆಸರು, ಊರು, ಫೋನ್ ನಂಬರು. ಬೆಲ್ಟಿನ ಮೇಲೆ ಯಾವ ಮಗ್ಗುಲು ಮೇಲೆ ಬಂದರೂ ಹೆಸರು ಕಾಣಬೇಕು. ಒಳಗೆ ಹಾಲಿನ ಪುಡಿ ಡಬ್ಬ, ಕಂಬಳಿ, ತಂಗಿ ಮದುವೆಗೆ ತಂದ ಮಿಕ್ಸಿ. ಎರಡು ವರ್ಷ ಕಾದು ಮನೆಗೆ ಬರೋನು ಬೆಲ್ಟಿನ ಬಾಯಿಗೇ ಹೋಗಿ ನಿಂತರೆ ನೀನು ಅವನನ್ನ ಶಿಸ್ತಿಲ್ಲದವನು ಅಂತೀಯಾ? ಹೋಗುವಾಗ ಅದೇ ಹುಡುಗ ಕೌಂಟರಿನ ಮುಂದೆ ನೆಲದ ಮೇಲೆ ಚೀಲ ಬಿಚ್ಚಿ ಕೂರ್ತಾನೆ. 30 ಕಿಲೊ ಮಿತಿ, 34 ಬಂದಿದೆ. ತಾಯಿ ಕೊಟ್ಟ ಕುಚ್ಚಲಕ್ಕಿ ತೆಗೀಬೇಕೋ, ಹಪ್ಪಳ ತೆಗೀಬೇಕೋ? ಎರಡು ಅಂಗಿ ಒಂದರ ಮೇಲೊಂದು ಹಾಕ್ಕೊಂಡು ತೂಕ ಇಳಿಸಿದವರನ್ನ ನೋಡಿದ್ದೀನಿ. ಅವರ ಮೇಲೆ ರೇಗೋಕೆ ನನಗಂತೂ ಮನಸ್ಸು ಬರ್ತಿರಲಿಲ್ಲ.

ಕಿರಿಯಳು: ಅವನ ಹಿಂದೆ ನಿಂತಿರೋ ಐವತ್ತು ಜನರ ಬಗ್ಗೆ ನಿಮಗೆ ಮನಸ್ಸಿಲ್ವಾ? ಮನೆಯಲ್ಲೇ ತೂಗಿ ತರಬಹುದಲ್ಲ. ಮುನ್ನೂರು ನಾನೂರು ರೂಪಾಯಿಗೆ ಕೊಕ್ಕೆ ತಕ್ಕಡಿ ಸಿಗುತ್ತೆ. ಕನಿಕರ ಸರಿ ದೊಡ್ಡಪ್ಪ. ಆದರೆ ಒಬ್ಬನ ಮೇಲಿನ ಕನಿಕರಕ್ಕೆ ಬೆಲೆ ಕೊಡೋರು ಸಾಲಿನಲ್ಲಿ ಇರೋ ಉಳಿದವರು.

ಹಿರಿಯರು ತಲೆಯಾಡಿಸಿದರು. ಉತ್ತರ ಕೊಡಲಿಲ್ಲ, ಬೀಳ್ಕೊಡುಗೆಯ ವಿಷಯ ತೆಗೆದರು. ಭಾರತದಲ್ಲಿ ಟಿಕೆಟ್ ಇಲ್ಲದವರಿಗೆ ಟರ್ಮಿನಲ್ ಬಾಗಿಲಲ್ಲೇ ತಡೆ. 1999ರ ಡಿಸೆಂಬರಿನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಐಸಿ 814 ವಿಮಾನದ ಅಪಹರಣವಾದ ಮೇಲೆ, 2000ದಿಂದ ನಿಲ್ದಾಣಗಳ ಕಾವಲು ಸಿಐಎಸ್ಎಫ್‌ಗೆ ಹೋಯಿತು. ಹೀಗಾಗಿ ನಮ್ಮಲ್ಲಿ ಅಳು, ಅಪ್ಪುಗೆ, ಕಾಲಿಗೆ ಬೀಳುವುದು ಎಲ್ಲವೂ ಹೊರಗಿನ ರಸ್ತೆಯಂಚಿನಲ್ಲೇ ನಡೆಯಬೇಕು. ಹಿಂದಿನ ಕಾರು ಹಾರ್ನ್ ಹೊಡೆಯುತ್ತಿರುವಾಗಲೇ ತಾಯಿ ಮಗನ ತಲೆ ಸವರುತ್ತಾಳೆ.

ಕಿರಿಯಳು: ಸಿಂಗಪುರದ ಚಾಂಗಿಯಲ್ಲಿ ಆ ತೊಂದರೆ ಇಲ್ಲ. ಇಮಿಗ್ರೇಷನ್ ತನಕ ಯಾರು ಬೇಕಾದರೂ ಬರಬಹುದು. 2019ರಲ್ಲಿ ಜ್ಯುವೆಲ್ ಅಂತ ಕಟ್ಟಿದರಲ್ಲ, 40 ಮೀಟರ್ ಎತ್ತರದಿಂದ ಕಟ್ಟಡದೊಳಗೇ ಬೀಳೋ ಜಲಪಾತ, ಅದನ್ನ ನೋಡೋಕೆ ಊರಿನವರೇ ಬರ್ತಾರೆ. ಪರೀಕ್ಷೆ ಹತ್ತಿರ ಬಂದರೆ ಮಕ್ಕಳು ನಿಲ್ದಾಣದಲ್ಲಿ ಕೂತು ಓದ್ತಾರೆ. ಅಲ್ಲಿಗೆ ಹೋದ ನಮ್ಮವರೂ ಮೆತ್ತಗೆ ಮಾತಾಡ್ತಾರೆ.

ಹಿರಿಯರು: ಅಲ್ಲಿಯ ಜನಕ್ಕೂ ಅಷ್ಟಕ್ಕೆ ತೃಪ್ತಿ ಇಲ್ಲ ನೋಡು. ಹೆಂಡತಿಯನ್ನ, ಸ್ನೇಹಿತರನ್ನ ಗೇಟಿನವರೆಗೂ ಬಿಟ್ಟುಬರಬೇಕು ಅಂತ, ಹಾರೋ ಉದ್ದೇಶ ಇಲ್ಲದೆ ಟಿಕೆಟ್ ಕೊಂಡು ಒಳಗೆ ಹೋಗಿ ಸಿಕ್ಕಿಬಿದ್ದವರು ಎಷ್ಟೋ ಜನ. ಅದಕ್ಕೆ 20,000 ಸಿಂಗಪುರ ಡಾಲರ್‌ವರೆಗೆ ದಂಡ, ಎರಡು ವರ್ಷದವರೆಗೆ ಜೈಲು. ಅಷ್ಟು ಕಾನೂನು ಇದ್ದರೂ ಮನುಷ್ಯ ಇನ್ನೊಂದು ಹತ್ತು ಹೆಜ್ಜೆ ಜೊತೆಗೆ ಹೋಗೋಣ ಅಂತಾನೆ. ಈ ಗುಣಕ್ಕೆ ದೇಶ ಇಲ್ಲ.

ಕಿರಿಯಳು: ಅಲ್ಲಿ ಸಿಕ್ಕಿಬೀಳ್ತಾರೆ ಅನ್ನೋದೇ ನನ್ನ ಮಾತು. ನಿಯಮ ಅಂದ್ರೆ ನಿಯಮ.

ಹಿರಿಯರು: ನಿಯಮ ಜನರ ಕಡೆಗೂ ಒಂದು ಹೆಜ್ಜೆ ಬರಬೇಕು. ಕೊಬ್ಬರಿ ಬೇಗ ಹೊತ್ತಿಕೊಳ್ಳುತ್ತೆ ಅಂತ ವಿಮಾನಕ್ಕೆ ಬಿಡಲ್ಲ, ಅದು ಸರಿ. ಆದರೆ ಶಬರಿಮಲೆಗೆ ಹೋಗೋರ ಇರುಮುಡಿಯಲ್ಲಿ ತೆಂಗಿನಕಾಯಿ ಇರಲೇಬೇಕು, ಅದನ್ನ ತಮ್ಮಿಂದ ದೂರ ಇಡೋ ಹಾಗಿಲ್ಲ. 2024ರ ಅಕ್ಟೋಬರಿನಲ್ಲಿ ಸರ್ಕಾರವೇ ಒಂದು ದಾರಿ ಹುಡುಕಿತು. 2025ರ ಜನವರಿ 20ರವರೆಗೆ, ಎಕ್ಸ್‌ರೇ ಮತ್ತು ಸ್ಫೋಟಕದ ಪರೀಕ್ಷೆ ಆದ ಮೇಲೆ, ಕಾಯಿಯನ್ನ ಕೈಯಲ್ಲೇ ಒಯ್ಯಬಹುದು ಅಂತ. ಭದ್ರತೆಯೂ ಉಳೀತು, ಮಾಲೆ ಹಾಕಿದವರ ಮನಸ್ಸೂ ಉಳೀತು.

ಕಿರಿಯಳು: ಆ ಮುತುವರ್ಜಿ ಹೆಂಗಸರ ಸಾಲಿಗೂ ಬರಲಿ. ತಪಾಸಣೆಗೆ ಗಂಡಸರಿಗೆ ನಾಲ್ಕು ಬಾಗಿಲು, ನಮಗೆ ಪರದೆ ಹಾಕಿದ ಒಂದು ಗೂಡು. ನನ್ನ ಚೀಲ ಎಕ್ಸ್‌ರೇ ಆಚೆ ಹೋಗಿ ಬಿದ್ದಿರುತ್ತೆ, ನಾನು ಈಚೆ ಸಾಲಿನಲ್ಲಿ. ಎಷ್ಟೋ ಸಲ ಮುಂದಿನವರನ್ನ ದಾಟಿ ಹೋಗಿಬಿಡೋಣ ಅನ್ನಿಸಿದೆ.

ಹಿರಿಯರು: ಇಷ್ಟು ಹೊತ್ತು ನಾನು ಹೇಳಿದ್ದು ಅದನ್ನೇ. ಗೂಡು ಒಂದೇ ಇದ್ದಾಗ ನಿನ್ನಂಥವಳಿಗೂ ಹಾಗನ್ನಿಸುತ್ತೆ.

ಅವಳು ಸುಮ್ಮನಾದಳು. ಆದರೆ ವಾದ ಬಿಡಲಿಲ್ಲ. ಅಷ್ಟರಲ್ಲಿ ವೀಲ್‌ಚೇರಿನಲ್ಲಿ ಕೂತ ನಾಲ್ವರನ್ನು ಸಿಬ್ಬಂದಿ ಗೇಟಿನ ಪಕ್ಕಕ್ಕೆ ತಂದು ನಿಲ್ಲಿಸಿದರು. ಒಬ್ಬ ತಾಯಿ ಎದ್ದು ನೆಟ್ಟಗೆ ನಡೆದು ನೀರು ತುಂಬಿಸಿಕೊಂಡು ಬಂದು ಮತ್ತೆ ಕೂತರು.

ಕಿರಿಯಳು: ಇದಕ್ಕೆ ಏನು ಹೇಳ್ತೀರಿ? ಭಾರತ–ಅಮೆರಿಕ ನಡುವಿನ ಕೆಲವು ವಿಮಾನಗಳಲ್ಲಿ ನೂರಕ್ಕೆ ಮೂವತ್ತರವರೆಗೆ ಪ್ರಯಾಣಿಕರು ವೀಲ್‌ಚೇರ್ ಕೇಳ್ತಾರೆ ಅಂತ ಏರ್ ಇಂಡಿಯಾ 2025ರಲ್ಲಿ ಹೇಳಿತ್ತು. ಅಷ್ಟೂ ಜನಕ್ಕೆ ಕಾಲು ನೋವಾ? ನಿಜವಾಗಿ ನಡೆಯಲಾಗದವರು ಕುರ್ಚಿಗಾಗಿ ಕಾಯ್ತಾ ಕೂರ್ತಾರೆ.

ಹಿರಿಯರು: ಕಾಲು ನೋವಿಲ್ಲ, ನಿಜ. ಆ ತಾಯಿ ಮಗಳ ಬಾಣಂತನಕ್ಕೆ ಡಲ್ಲಾಸಿಗೋ ನ್ಯೂಜೆರ್ಸಿಗೋ ಹೊರಟಿದ್ದಾರೆ ಅಂತ ಇಟ್ಕೋ. ತುಮಕೂರಿನ ಆಚೆಯ ಹಳ್ಳಿ. ದೆಹಲಿಯಲ್ಲಿ ಟರ್ಮಿನಲ್ ಹುಡುಕಬೇಕು, ಇಲ್ಲ ಫ್ರಾಂಕ್‌ಫರ್ಟಿನಲ್ಲಿ ರೈಲು ಹತ್ತಿ ಇನ್ನೊಂದು ಗೇಟಿಗೆ ಹೋಗಬೇಕು. ಬೋರ್ಡು ಓದೋಕೆ ಬರಲ್ಲ. ಯಾರನ್ನಾದರೂ ಕೇಳೋಣ ಅಂದ್ರೆ ಭಾಷೆ ಬರಲ್ಲ. ಗೇಟ್ ಬದಲಾದರೆ ತಿಳಿಯಲ್ಲ. ಮುಂಬೈ, ಚೆನ್ನೈ ಸೇರಿದ ಹಾಗೆ ಎಷ್ಟೋ ಕಡೆ ಈಗ ಮೈಕಿನಲ್ಲಿ ಪ್ರತಿ ವಿಮಾನದ ಹೆಸರು ಕೂಗೋದನ್ನೂ ನಿಲ್ಲಿಸಿದ್ದಾರೆ. ನಿನಗೆ ಮೌನ ಹಿತ. ಆಕೆಗೆ ಕಿವಿಗೆ ಬೀಳ್ತಿದ್ದ ಒಂದೇ ಆಸರೆ ಹೋಯ್ತು. ಮಗಳು ಅಲ್ಲಿಂದಲೇ ವೀಲ್‌ಚೇರ್ ಬುಕ್ ಮಾಡಿರ್ತಾಳೆ. ಆಕೆಗೆ ಬೇಕಿರೋದು ಕುರ್ಚಿ ಅಲ್ಲ, ಕುರ್ಚಿ ತಳ್ಳೋ ಮನುಷ್ಯ.

ಕಿರಿಯಳು: ಇದು ನನಗೂ ಅರ್ಥವಾಗುತ್ತೆ. ಅಜ್ಜಿಗೆ ನಾವೂ ಬುಕ್ ಮಾಡಿದ್ವಿ. ಆದರೆ ಎಲ್ಲರೂ ಹೀಗೆ ಮಾಡಿದರೆ ಮಂಡಿ ಶಸ್ತ್ರಚಿಕಿತ್ಸೆ ಆದ ಇನ್ನೊಬ್ಬರ ಅಜ್ಜಿ ವಿಮಾನದ ಬಾಗಿಲಲ್ಲಿ ಅರ್ಧ ಗಂಟೆ ಕಾಯ್ತಾರೆ. ದಾರಿ ತೋರಿಸೋರು ಬೇಕು ಅಂದ್ರೆ ಆ ಸೇವೆಯನ್ನೇ ಕೇಳೋಣ, ದುಡ್ಡು ಕೊಟ್ಟಾದರೂ ಸರಿ. ಕಾಲಿಲ್ಲದವರ ಕುರ್ಚಿಯಲ್ಲಿ ಕಾಲಿರೋರು ಕೂರೋದು ನನಗೆ ಸರಿ ಕಾಣಲ್ಲ.

ಹಿರಿಯರು: ಆ ಸೇವೆ ಎಲ್ಲ ಕಡೆ, ಬಡವರ ಕೈಗೆಟಕೋ ಹಾಗೆ ಇದ್ದರೆ ನಾನೂ ನಿನ್ನ ಪಕ್ಷ. ಅದು ಬರೋ ತನಕ ಆ ತಾಯಿಯನ್ನ ಏಳಿ ಅನ್ನೋಕೆ ನನ್ನಿಂದ ಆಗಲ್ಲ.

ಈ ವಿಷಯದಲ್ಲಿ ಇಬ್ಬರ ಮಾತೂ ಹಾಗೇ ನಿಂತಿತು. ನಿಲ್ಲುವುದೇ ಸರಿ. ಕನ್ನಡ ಬಲ್ಲ ಸಹಾಯಕರು ಪ್ರತಿ ಗೇಟಿನಲ್ಲೂ ಸಿಗುವಂತಾದರೆ ಈ ಕುರ್ಚಿಗಳಲ್ಲಿ ಎಷ್ಟು ಖಾಲಿಯಾಗುತ್ತವೆ ಎಂಬುದನ್ನು ಮಾಡಿ ನೋಡಿಯೇ ಹೇಳಬೇಕು.

ಕಿರಿಯಳು ತನ್ನ ಬಲವಾದ ಉದಾಹರಣೆಯನ್ನು ಕೊನೆಗೆ ಇಟ್ಟುಕೊಂಡಿದ್ದಳು.

ಕಿರಿಯಳು: ಏರ್ಪಾಟು ಏರ್ಪಾಟು ಅಂತೀರಲ್ಲ, ಏರ್ಪಾಟೇ ಕುಸಿದುಬಿದ್ದಾಗ ಏನಾಗುತ್ತೆ ಹೇಳ್ತೀನಿ. 2024ರ ಜನವರಿ 2, ಟೋಕಿಯೊದ ಹನೆಡಾ. ಸಪ್ಪೊರೊದಿಂದ ಬಂದ ಜಪಾನ್ ಏರ್‌ಲೈನ್ಸ್ ವಿಮಾನ ಇಳೀತಾ ರನ್‌ವೇ ಮೇಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೀತು. ಆ ಚಿಕ್ಕ ವಿಮಾನದ ಆರು ಜನರಲ್ಲಿ ಐವರು ಹೋದರು. ದೊಡ್ಡ ವಿಮಾನಕ್ಕೆ ಬೆಂಕಿ. ಒಳಗಿನ ಮೈಕು ಕೆಟ್ಟಿತ್ತು, ಸಿಬ್ಬಂದಿ ಮೆಗಾಫೋನ್ ಹಿಡಿದು ಕೂಗಿದರು. ಎಂಟು ಬಾಗಿಲಲ್ಲಿ ಬಳಸೋಕೆ ಆದದ್ದು ಮೂರು. ಆದರೂ 379 ಜನರೂ ಬದುಕಿ ಹೊರಗೆ ಬಂದರು. ಚೀಲಗಳನ್ನ ಬಿಟ್ಟು ಬಂದರು. ಈಗ 2016ರ ಆಗಸ್ಟ್ 3 ನೆನಪು ಮಾಡ್ಕೊಳ್ಳಿ. ತಿರುವನಂತಪುರದಿಂದ ದುಬೈಗೆ ಹೋದ ಎಮಿರೇಟ್ಸ್ ವಿಮಾನ ನೆಲಕ್ಕೆ ಬಡಿದು ಹೊಗೆ ತುಂಬಿತ್ತು. ಒಳಗೆ ಇದ್ದವರಲ್ಲಿ ಹೆಚ್ಚಿನವರು ನಮ್ಮವರು. ವಿಡಿಯೊದಲ್ಲಿ ಎದ್ದು ಮೇಲಿನ ಬಿನ್ ತೆಗೆದು ಚೀಲ ಇಳಿಸೋದು ಕಾಣುತ್ತೆ. ಅವರ ಪುಣ್ಯ, ಮುನ್ನೂರು ಜನವೂ ಉಳಿದರು. ಬೆಂಕಿ ಆರಿಸೋಕೆ ಬಂದ ಅಗ್ನಿಶಾಮಕದವರೊಬ್ಬರು ಪ್ರಾಣ ಬಿಟ್ಟರು. ಇಲ್ಲಿ ಕಂಬ ಇರಲಿಲ್ಲ, ನಂಬರ್ ಇರಲಿಲ್ಲ. ಇದ್ದದ್ದು ಜನರ ಸಂಸ್ಕಾರ ಒಂದೇ.

ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. 2010ರ ಮೇ 22ರ ಬೆಳಿಗ್ಗೆ ಬಜ್ಪೆಯಲ್ಲಿ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತದ್ದು, ಎಂಟು ಜನ ಮಾತ್ರ ಉಳಿದದ್ದು ಕರಾವಳಿಯವರು ಯಾರೂ ಮರೆಯುವ ಸಂಗತಿಯಲ್ಲ. ಆ ಮೇಲೆ ವರ್ಷಗಟ್ಟಲೆ ಅಲ್ಲಿ ಇಳಿಯುವ ವಿಮಾನಗಳಲ್ಲಿ ಚಕ್ರ ನೆಲ ಮುಟ್ಟುವ ತನಕ ಯಾರೂ ಮಾತಾಡುತ್ತಿರಲಿಲ್ಲ ಎಂದು ಅವರು ಹೇಳಿದರು.

ಹಿರಿಯರು: ನೀನು ಹೇಳಿದ್ದು ಸುಳ್ಳಲ್ಲ. ಆದರೆ ಇದನ್ನ ನಮ್ಮವರ ತಲೆಗೇ ಕಟ್ಟಬೇಡ. 2015ರಲ್ಲಿ ಲಾಸ್ ವೇಗಸ್‌ನಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನಕ್ಕೆ ಬೆಂಕಿ ಬಿದ್ದಾಗ, 2016ರಲ್ಲಿ ಷಿಕಾಗೋದಲ್ಲಿ ಅಮೆರಿಕನ್ ಏರ್‌ಲೈನ್ಸ್ ವಿಮಾನಕ್ಕೆ ಬೆಂಕಿ ಬಿದ್ದಾಗ ಅಲ್ಲಿಯವರೂ ಚೀಲ ಹಿಡ್ಕೊಂಡೇ ಇಳಿದರು. ಬೇರೆಯಾಗಿ ನಡೆದುಕೊಂಡವರು ಜಪಾನಿನವರು. ಅದರ ಹಿಂದೆ ಒಂದು ದೊಡ್ಡ ಸಾವು ಇದೆ. 1985ರಲ್ಲಿ ಅದೇ ಜಪಾನ್ ಏರ್‌ಲೈನ್ಸ್ ಕಂಪನಿಯ ವಿಮಾನ ಬೆಟ್ಟಕ್ಕೆ ಬಡಿದು 520 ಜನ ಹೋದರು. ಆ ವಿಮಾನದ ಮುರಿದ ಚೂರುಗಳನ್ನ ಹನೆಡಾ ಹತ್ತಿರ ಒಂದು ಕೇಂದ್ರದಲ್ಲಿ ಇಟ್ಟು, ತನ್ನ ಸಿಬ್ಬಂದಿಗೆ ತೋರಿಸಿ ಪಾಠ ಹೇಳುತ್ತೆ ಆ ಕಂಪನಿ. ಚೀಲ ಹಿಡಿದರೆ ಏನಾಗುತ್ತೆ ಅಂತ ಪ್ರಯಾಣಿಕರಿಗೂ ವಿಡಿಯೊದಲ್ಲಿ ತೋರಿಸುತ್ತೆ.

ಕಿರಿಯಳು: ಅಂದ್ರೆ ಕಲಿಸಿದರೆ ಬರುತ್ತೆ ಅಂತೀರಿ. ಕಲಿಯೋ ಮನಸ್ಸು ಇರೋ ಜನಕ್ಕೆ ಬರುತ್ತೆ ಅಂತೀನಿ ನಾನು. ವಿಡಿಯೊ ನಮ್ಮಲ್ಲೂ ಹಾಕ್ತಾರೆ. ಯಾರು ತಲೆ ಎತ್ತಿ ನೋಡ್ತಾರೆ? ಚಕ್ರ ನೆಲ ಮುಟ್ಟಿದ ಕೂಡಲೇ ಬೆಲ್ಟ್ ಬಿಚ್ಚೋ ಸದ್ದು ಕೇಳುತ್ತೆ. ಟರ್ಕಿಯಲ್ಲಿ 2025ರಿಂದ, ವಿಮಾನ ನಿಲ್ಲೋ ಮೊದಲೇ ಎದ್ದವರಿಗೆ ದಂಡ. ಸುಮಾರು 70 ಡಾಲರ್. ನಮ್ಮಲ್ಲೂ ಹಾಕಲಿ.

ಹಿರಿಯರು: ದಂಡ ಹಾಕಲಿ, ಬೇಡ ಅನ್ನಲ್ಲ. ಚೀಲದ ವಿಷಯ ಮಾತ್ರ ದಂಡದಿಂದ ಬಗೆಹರಿಯಲ್ಲ. ಗಲ್ಫಿನ ಹುಡುಗ ಹೊಗೆಯಲ್ಲೂ ಚೀಲ ಯಾಕೆ ಹುಡುಕ್ತಾನೆ ಗೊತ್ತಾ? ಪಾಸ್‌ಪೋರ್ಟು, ಕೆಲಸದ ಪರ್ಮಿಟ್ಟು, ಸರ್ಟಿಫಿಕೇಟು ಎಲ್ಲ ಅದರೊಳಗೇ. ಅದು ಸುಟ್ಟರೆ ಪರದೇಶದಲ್ಲಿ ತಾನು ಯಾರೂ ಅಲ್ಲ ಅನ್ನೋ ಹೆದರಿಕೆ. ಅದಕ್ಕೇ ನಾನು ಪಾಸ್ ಕೊಡುವಾಗ ಹೇಳ್ತಿದ್ದೆ, ಪಾಸ್‌ಪೋರ್ಟು ಮೇಲಿನ ಚೀಲಕ್ಕೆ ಹಾಕಬೇಡ, ಅಂಗಿ ಒಳಜೇಬಿಗೆ ಹಾಕ್ಕೋ. ತುಳುವಿನಲ್ಲಿ ಹೇಳ್ತಿದ್ದೆ, ಬ್ಯಾರಿಯಲ್ಲಿ ಹೇಳ್ತಿದ್ದೆ.

ಕಿರಿಯಳು: ಕೇಳ್ತಿದ್ದರಾ?

ಹಿರಿಯರು: ಅವರ ಭಾಷೆಯಲ್ಲಿ ಹೇಳಿದಾಗ ಕೇಳ್ತಿದ್ದರು. ಎಲ್ಲರೂ ಅಲ್ಲ.

ಕಿರಿಯಳು: ಕೇಳದೆ ಇದ್ದವರ ಬಗ್ಗೆಯೇ ನಾನು ಮಾತಾಡ್ತಿರೋದು.

ಬೋರ್ಡಿಂಗ್ ಶುರುವಾಯಿತು. ಸಾಲಿನಲ್ಲಿ ನಿಲ್ಲಲು ಅವಳಿಗೆ ಇಷ್ಟವಿರಲಿಲ್ಲ, ಗುಂಪು ಕರೆಯುವ ತನಕ ಕೂತಳು. ಹಿರಿಯರು ಎದ್ದು ಹೋಗಿ ವೀಲ್‌ಚೇರಿನ ಆ ತಾಯಿಯ ಹತ್ತಿರ ದೆಹಲಿಯಲ್ಲಿ ಎಲ್ಲಿ ಇಳಿಯಬೇಕು, ಮುಂದಿನ ವಿಮಾನಕ್ಕೆ ಯಾರು ಕರೆದೊಯ್ಯುತ್ತಾರೆ ಎಂದು ಕನ್ನಡದಲ್ಲಿ ವಿವರಿಸತೊಡಗಿದರು.

ಜನ ಮೊದಲು ತಿದ್ದಿಕೊಳ್ಳಬೇಕೋ ನಿಲ್ದಾಣ ಮೊದಲು ತಿದ್ದಿಕೊಳ್ಳಬೇಕೋ ಎಂಬ ಚರ್ಚೆ ಇನ್ನೂ ನಡೆಯಲಿ. ಈ ಸಲ ಊರಿಂದ ಅಪ್ಪ ಅಮ್ಮನನ್ನೋ ದುಡಿಯಲು ಹೊರಟ ತಮ್ಮನನ್ನೋ ವಿಮಾನ ಹತ್ತಿಸುವವರು ಅಷ್ಟರವರೆಗೆ ಕಾಯದೆ ಎರಡು ಮಾತು ಹೇಳಿ ಕಳಿಸಿ. ವಿಮಾನ ಏರುವಾಗ, ಇಳಿಯುವಾಗ ಪಾಸ್‌ಪೋರ್ಟು, ಫೋನು ಮೈಮೇಲೇ ಇರಲಿ. ಸಿಬ್ಬಂದಿ ಬಾಗಿಲಿಗೆ ಓಡಿ ಎಂದು ಕೂಗಿದರೆ ಚೀಲದ ಕಡೆ ನೋಡದೆ ಓಡಲಿ.